ಸೀಮೆಸುಣ್ಣದ ತಿರುವು

ಯುದ್ಧದಿಂದ ಮರಳಿದಾಗಿನಿಂದ ನನ್ನ ಗಂಡ ಮರ್ಲ್‌ಗೆ ಒಂದೇ ಹುಚ್ಚು. ಇಂಡಿಯಾನಾದಲ್ಲೇ ಇಲ್ಲದಂಥ ಸ್ಕೇಟಿಂಗ್ ರಿಂಕ್, ಗಾಲಿ ಬೂಟು ಕಟ್ಟಿ ಜಾರುವ ಮರದ ಅಂಗಳ, ಕಟ್ಟಬೇಕು. ಮುಚ್ಚಿಹೋಗಿದ್ದ ಟೊಮೇಟೊ ಕಾರ್ಖಾನೆಯ ಗೋದಾಮು ಕೊಂಡ. ನೂರೆಂಬತ್ತು ಅಡಿ ಉದ್ದ, ಎಂಬತ್ತು ಅಗಲ. ಬೆಂಚು ಎಲ್ಲಿ, ಸ್ಕೇಟು ಬಾಡಿಗೆಗೆ ಕೊಡುವ ಕೌಂಟರ್ ಎಲ್ಲಿ, ಸಂಗೀತ ನುಡಿಸುವ ಆರ್ಗನ್ ಎಲ್ಲಿ ಎಂದು ನಾವಿಬ್ಬರೇ ಅಡುಗೆಮನೆಯ ಮೇಜಿನ ಮುಂದೆ ಕೂತು ನಕ್ಷೆ ಗೀಚಿದೆವು. ಆ ಹದಿನೈದು ದಿನ ಅವನು ಪೂರ್ತಿ ನನ್ನವನಾಗಿದ್ದ.

ಉಳಿದದ್ದು ಎರಡು ತುದಿಗಳ ತಿರುವು.

"ಅದು ಕಾಗದದ ಮೇಲೆ ಸಿಗಲ್ಲ ಕಣೇ ಆರ್ಡಿತ್. ಜೋಡಿ ವಾಲ್ಟ್ಸ್ ಕುಣಿತ ಮಾಡ್ತಾ ತಿರುಗ್ಬೇಕು, ಹೊರಗಿನ ಕಾಲು ಬಿದ್ದಲ್ಲಿ ಗೆರೆ ಹಾಕ್ಬೇಕು. ಲವಾನ್‌ಗೆ ಬರೋಕೆ ಹೇಳಿದೀನಿ."

ಲವಾನ್ ನಮ್ಮ ಮದುವೆಗೆ ಮುಂಚೆ ಸ್ಪರ್ಧೆಗಳಲ್ಲಿ ಅವನ ಜೋಡಿಯಾಗಿದ್ದವಳು. ನಾನೋ ಸ್ಕೇಟು ಕಟ್ಟಿಕೊಂಡರೆ ಗೋಡೆ ಬಿಡದವಳು.

"ನಾನೇನ್ ಮಾಡ್ಲಿ? ಚಪ್ಪಾಳೆ ತಟ್ಲಾ?"

"ನೀನು ಸೀಮೆಸುಣ್ಣ ಹಿಡ್ಕೊ."

ಶನಿವಾರ ಲವಾನ್ ಗಿಡ್ಡ ಲಂಗ ತೊಟ್ಟು ಗೋದಾಮಿಗೆ ಬಂದಳು. "ಒಂದು ಗಂಟೆ ಗಂಡನ್ನ ಬಿಟ್ಕೊಡ್ತೀಯೇನಮ್ಮಾ?"

"ಇದ್ದ ಹಾಗೇ ವಾಪಸ್ ಕಳಿಸು, ಸಾಕು," ಎಂದೆ.

ಇಬ್ಬರೂ ಕೈಯಳತೆ ದೂರ ನಿಂತು, ನಗುತ್ತಾ, ತುದಿಯಲ್ಲಿ ಅಗಲವಾಗಿ ತಿರುಗಿದರು. ಎಷ್ಟು ಚೆಂದ ತಿರುಗಿದರೆಂದರೆ ನನಗೆ ಸಹಿಸಲಾಗಲಿಲ್ಲ. ಬಗ್ಗಿ ಗುರುತು ಹಾಕುವಾಗ ಪ್ರತಿಯೊಂದನ್ನೂ ಬೇಕೆಂದೇ ಆರಡಿ ಒಳಕ್ಕೆ ಸರಿಸಿ ಹಾಕಿದೆ. ಇಕ್ಕಟ್ಟಿನಲ್ಲಿ ಎಡವಲಿ, ಊರೆಲ್ಲ ನೋಡಲಿ, ಅವಳು ಇತ್ತ ತಲೆ ಹಾಕದಿರಲಿ ಎಂದು.

"ಇಷ್ಟೇ ಅಗಲನಾ?" ಮರ್ಲ್ ಹುಬ್ಬು ಗಂಟಿಕ್ಕಿದ.

"ನಿಮ್ಮ ಕಾಲು ಬಿದ್ದಲ್ಲೇ ಹಾಕಿದ್ದು."

ನಂಬಿದ. ಬಡಗಿ ಮೇಪಲ್ ಮರದ ಹಲಗೆಗಳನ್ನು ಅದೇ ಗೆರೆಗೆ ಬಾಗಿಸಿ ಮೊಳೆ ಹೊಡೆದು, ಅಂಚಿಗೆ ಕಟಾಂಜನ ನಿಲ್ಲಿಸಿದ.

ರಿಂಕ್ ತೆರೆದ ದಿನ ಮೊದಲ ವಾಲ್ಟ್ಸ್ ಅವರಿಬ್ಬರದೇ. ತಿರುವಿಗೆ ಬಂದರು. ಮರ್ಲ್ ತಡವರಿಸಿದ. ಕೌಂಟರಿನ ಹಿಂದಿನಿಂದ ನಾನು ಕತ್ತು ಚಾಚಿ ನೋಡಿದೆ. ಅವನು ಲವಾನ್‌ಳ ಸೊಂಟಕ್ಕೆ ಕೈ ಹಾಕಿ ತನ್ನತ್ತ ಎಳೆದುಕೊಂಡ. ಅವಳ ಕೆನ್ನೆ ಅವನ ಭುಜಕ್ಕೆ ತಾಗಿತು. ಹಾಗೇ ತಿರುಗಿದರು. ಇನ್ನೊಂದು ತುದಿಯಲ್ಲೂ ಹಾಗೆಯೇ. ಸುತ್ತು ಸುತ್ತಿಗೂ ಹಾಗೆಯೇ. ಜನ ಶಿಳ್ಳೆ ಹೊಡೆದರು.

ಲವಾನ್ ನೀರು ಕೇಳಲು ಬಂದಳು. ಮುಖ ಕೆಂಪಗಾಗಿತ್ತು. "ತಿರುವು ತುಂಬಾ ಇಕ್ಕಟ್ಟು ಕಣಮ್ಮಾ. ಅಪ್ಕೊಳ್ದೆ ತಿರುಗೋಕೇ ಆಗಲ್ಲ."

"ಆರ್ಡಿತ್!" ಮರ್ಲ್ ರಿಂಕಿನ ನಡುವಿನಿಂದಲೇ ಕೂಗಿದ. "ಇನ್ನೊಂದು ವಾಲ್ಟ್ಸ್ ನುಡಿಸೋಕೆ ಹೇಳೇ!"

ಆರ್ಗನ್ ನುಡಿಸುವವನಿಗೆ ಹೋಗಿ ಹೇಳಿದೆ.