ಅತ್ತೆಯ ಮೂಗು ಮತ್ತು ಹೈಡ್ರೋಸ್ ಡಬ್ಬಿ

ಈಗಲೂ ಎಲ್ಲಾದರೂ ನೀಲಿ ನೂಲು ಒಣಹಾಕಿದ್ದು ಕಂಡರೆ ನನಗೆ ಮೊದಲು ನೆನಪಾಗುವುದು ನಮ್ಮತ್ತೆಯ ಬೈಗುಳ. ಎಂಥ ಬಾಯಿ ಅಂತೀರಿ! ಅದನ್ನು ಇನ್ನೊಮ್ಮೆ ಕೇಳಲು ಏನು ಬೇಕಾದರೂ ಕೊಟ್ಟೇನು.

ಮನೆಯ ಹಿಂದೆಯೇ ನೂಲಿಗೆ ಬಣ್ಣ ಹಾಕುವ ನಮ್ಮ ಕೋಣೆ. ನೀಲಿಯ ತೊಟ್ಟಿಗೆ ಹೈಡ್ರೋಸ್ ಹಾಕುವವರು ಅತ್ತೆ ಒಬ್ಬರೇ. ನೋಡಲು ಉಪ್ಪಿನಂಥ ಬಿಳಿ ಪುಡಿ, ಹತ್ತಿರ ಹೋದರೆ ಗಂಧಕದ ಘಾಟು. ಅದು ಬಿದ್ದರೆ ನೀಲಿ ನೀರು ಹಳದಿ ಹಸಿರಿಗೆ ತಿರುಗಿ, ಬಣ್ಣ ನೂಲಿನೊಳಗೆ ಇಳಿಯುತ್ತದೆ. ನೂಲಿನ ಲಡಿಯನ್ನು ಎತ್ತಿ ಗಾಳಿಗೆ ಹಿಡಿದರೆ ಕಣ್ಣೆದುರೇ ಮತ್ತೆ ನೀಲಿ. ಪುಡಿ ಕಡಿಮೆಯಾದರೆ ಬಣ್ಣ ಹಿಡಿಯದು, ಹೆಚ್ಚಾದರೆ ಹಿಡಿದದ್ದೂ ಬಿಟ್ಟುಹೋಗುತ್ತದೆ. ಅತ್ತೆ ತೊಟ್ಟಿಯ ಮೇಲೆ ಬಗ್ಗಿ ಒಮ್ಮೆ ಮೂಸಿ, ಸಾಕೋ ಬೇಕೋ ಹೇಳಿಬಿಡುತ್ತಿದ್ದರು.

ಸೊಸೆಯಾಗಿ ಬಂದ ನನಗೆ ಆ ಕೆಲಸದ ಮೇಲೇ ಕಣ್ಣು. ಲಡಿ ಹಿಂಡಿ ಹಿಂಡಿ ಮೊಣಕೈವರೆಗೂ ನೀಲಿಯಾಗಿದ್ದೆ. ಡಬ್ಬಿ ಮಾತ್ರ ಮುಟ್ಟುವ ಹಾಗಿಲ್ಲ.

"ನಾನೇನು ಹೊರಗಿನವಳಾ ಅತ್ತೆ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಹೊರಗಿನವಳಾಗಿದ್ರೆ ಮುಟ್ಕೋ ಅಂತಿದ್ದೆ. ತೊಟ್ಟಿ ನೀರಿಗೆ ಬಿದ್ರೆ ಅದು ಸುಮ್ನೆ ಕರಗುತ್ತೆ. ಡಬ್ಬಿಯೊಳಗೆ ನಾಲ್ಕು ಹನಿ ನೀರು ಬಿದ್ರೆ ಒಳಗೊಳಗೇ ಕಾದು ಹೊತ್ಕೊಳ್ಳುತ್ತೆ. ನಿನ್ನ ಕೈ ಯಾವಾಗ್ಲೂ ಒದ್ದೆ. ಹೋಗು, ಲಡಿ ಹಿಂಡು."

ಕೊನೆಗೆ ಆ ಹನಿ ಬೀಳಿಸಿದ್ದು ನಾನಲ್ಲ, ಮಾವ. ಸಹಾಯ ಮಾಡುವ ಹುರುಪಿನಲ್ಲಿ ಆಗಷ್ಟೇ ತೊಳೆದ ಸೌಟನ್ನು ಡಬ್ಬಿಗೆ ಅದ್ದಿ, ಮುಚ್ಚಳ ಹಾಕಿ, ಜಗಲಿಯಲ್ಲಿ ಹರಟೆಗೆ ಕೂತರು. ಪುಣ್ಯಾತ್ಮ! ಸ್ವಲ್ಪ ಹೊತ್ತಿಗೆ ಮುಚ್ಚಳದ ಸಂದಿಯಿಂದ ಹೊಗೆ ಬಂತು. ಮಾವ ಗಾಬರಿಯಲ್ಲಿ ಬಿಂದಿಗೆ ಎತ್ತಿಕೊಂಡು ಓಡಿ ಬಂದರು.

"ಅಯ್ಯೋ, ನೀರು ಹಾಕ್ಬೇಡ್ರೀ! ಮನೇನೇ ಸುಟ್ಟುಬಿಡ್ತೀರಾ!"

ಅತ್ತೆ ಹಾಗೆ ಕೂಗುತ್ತಲೇ ಒಣ ಗೋಣಿಚೀಲ ಸುತ್ತಿ ಡಬ್ಬಿಯನ್ನು ತಬ್ಬಿ ಎತ್ತಿದರು. ನಾನು ಕೈ ಚಾಚಿದೆ; ಮೊಣಕೈಯಿಂದ ನನ್ನನ್ನು ಆಚೆ ತಳ್ಳಿದರು. ಅಂಗಳದ ನಡುವೆ ಇಟ್ಟು ಹಿಂದೆ ಸರಿಯುವಷ್ಟರಲ್ಲಿ ಅದು ಭಗ್ಗೆಂದು ಹೊತ್ತಿಕೊಂಡಿತು. ಮನೆ ಉಳಿಯಿತು. ಆದರೆ ಆ ಘಾಟು ಹೊಗೆಯೆಲ್ಲ ಅತ್ತೆಯ ಎದೆಗೆ ಹೋಗಿತ್ತು. ವಾರಗಟ್ಟಲೆ ಕೆಮ್ಮಿದರು. ಕೆಮ್ಮೇನೋ ನಿಂತಿತು, ಮೂಗು ಸತ್ತುಹೋಯಿತು. ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ.

ಹೊಸ ಡಬ್ಬಿ ಬಂದ ದಿನ, "ನೀನೇ ಹಾಕು" ಎಂದರು. ಬಾಯಿಬಿಟ್ಟು ಕೇಳಿದ್ದು ಹೀಗೆ ಸಿಗಬೇಕಿತ್ತೇ! ಒದ್ದೆ ಕೈಯನ್ನು ಚೆನ್ನಾಗಿ ಒರೆಸಿಕೊಂಡು ಡಬ್ಬಿ ತೆರೆದೆ. ಪುಡಿ ಹಾಕಿದೆ, ಕಲಕಿದೆ, ಮೂಸಿದೆ. ಇನ್ನರ್ಧ ಸೌಟು ಹಾಕಿ ಮತ್ತೆ ಮೂಸಿದೆ. ಈಗ ಸರಿ ಅನ್ನಿಸಿತು. ಅತ್ತೆ ಎದ್ದು ಬಂದು, ಮೊದಲಿನ ಹಾಗೆಯೇ ತೊಟ್ಟಿಯ ಮೇಲೆ ಬಗ್ಗಿ ಉಸಿರೆಳೆದುಕೊಂಡರು.

"ಸರಿಯಾಗಿದೆ. ಲಡಿ ಇಳಿಸು."

ಮೂಗು ಮರಳಿತೆಂದು ನಾನು ಕುಣಿಯುವುದೊಂದು ಬಾಕಿ. "ಅತ್ತೆ, ವಾಸನೆ ಬಂತಾ?"

"ಎಲ್ಲಿಂದ ಬರ್ಬೇಕು, ಮಂಕೇ? ನಿನ್ನ ಮುಖ ನೋಡಿ ಹೇಳ್ದೆ."