ಪೆಟ್ಟಿಗೆಯಲ್ಲಿ ಒಂದು ಕರಿಗೋಲಿ

ಬೆವರ್ಲಿ ಪೆಟ್ಟಿಗೆಯ ಅಡಿಯ ಖಾನೆಯನ್ನು ಎಳೆದಳು. ಎಳೆದವಳು ಹಾಗೇ ನಿಂತುಬಿಟ್ಟಳು.

"ಏನಾಯ್ತೇ? ಸಿಕ್ಕಾಕೊಂಡ್ತಾ?" ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಸಂಘದ ಅಧ್ಯಕ್ಷೆಯಾದವಳು ಮಾಡಬೇಕಾದಂತೆ ಬೆವರ್ಲಿ ಖಾನೆಯನ್ನು ಎಲ್ಲರಿಗೂ ಕಾಣುವ ಹಾಗೆ ಓರೆ ಮಾಡಿ ಹಿಡಿದಳು. ಬಿಳಿಗೋಲಿಗಳ ನಡುವಿನಿಂದ ಒಂದೇ ಒಂದು ಕರಿಗೋಲಿ ಉರುಳಿ ಬಂದು ಅಂಚಿಗೆ ತಾಗಿ ನಿಂತಿತು. ಭಾನುವಾರದ ಮಧ್ಯಾಹ್ನ, ಸೆಪ್ಟೆಂಬರಿನ ಸೆಖೆ. ಬೀಸಣಿಗೆ ಆಡಿಸುತ್ತಿದ್ದ ಕೈಗಳೆಲ್ಲ ನಿಂತುಹೋದವು. ಯಾರೂ ಮಾರ್ಲಿಸ್ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು, ಏಕೆಂದರೆ ಆ ಹೊತ್ತು ಓಟಿಗೆ ಬಿದ್ದಿದ್ದ ಹೆಸರು ಅವಳ ತಂಗಿ ಗ್ರೆಟಾಳದು.

ಅಮೆರಿಕದ ಅಯೋವಾದ ಆ ಊರಿನಲ್ಲಿ ವಿಶ್ವವಿದ್ಯಾಲಯದ ಸೋದರಿ ಸಂಘಗಳಿಗೇ, ಅಂದರೆ ಹುಡುಗಿಯರು ಸದಸ್ಯರಾಗಿ ಒಟ್ಟಿಗೆ ವಾಸಿಸುವ ಮನೆಗಳಿಗೇ, ಒಂದು ಬೀದಿ ಇತ್ತು. ಈ ಮನೆಯ ಪೆಟ್ಟಿಗೆ ಮನೆಗಿಂತ ಹಳೆಯದು. ಮಖಮಲ್ಲಿನ ತೆರೆಯೊಳಗೆ ಕೈ ಹಾಕಬೇಕು. ಹೊಸದಾಗಿ ಸೇರಬಯಸುವ ಹುಡುಗಿ ಬೇಕಾದರೆ ಬಿಳಿಗೋಲಿ, ಬೇಡವಾದರೆ ಕರಿಗೋಲಿ. ಒಂದು ಕರಿಗೋಲಿ ಬಿದ್ದರೂ ಆ ಹುಡುಗಿ ಬಾಗಿಲಿನಿಂದಾಚೆಗೇ. ಯಾರು ಹಾಕಿದ್ದು ಎಂದು ಕೇಳುವಂತಿಲ್ಲ, ನಾನು ಹಾಕಿದೆ, ನಾನು ಹಾಕಲಿಲ್ಲ ಎಂದು ಹೇಳುವಂತೆಯೂ ಇಲ್ಲ. ಸಂಘಕ್ಕೆ ಸೇರುವ ದಿನ ಎದೆ ಮೇಲೆ ಕೈಯಿಟ್ಟು ಮಾಡುವ ಆಣೆ ಅದು. ಅಜ್ಜಿ ಇದ್ದ ಮನೆ, ಅಮ್ಮ ಇದ್ದ ಮನೆ, ಈಗ ಮಾರ್ಲಿಸ್ ಇರುವ ಮನೆ. ಅಂಥ ಮನೆತನದ ಹುಡುಗಿಯನ್ನು ಬೇಡ ಎಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಗ್ರೆಟಾಳ ಎದೆ ಮೇಲೆ ಸಿಕ್ಕಿಸಲೆಂದು ಅಮ್ಮ ಕೊಟ್ಟು ಕಳಿಸಿದ್ದ ಸಂಘದ ಚಿನ್ನದ ಪಿನ್ನು ಹತ್ತಿಯಲ್ಲಿ ಸುತ್ತಿ ಮಾರ್ಲಿಸಳ ಜೇಬಿನಲ್ಲೇ ಇತ್ತು.

ಸಂಜೆ ಹಜಾರದ ಫೋನಿನಲ್ಲಿ ಅಮ್ಮ ಮೊದಲು ಅತ್ತಳು, ಆಮೇಲೆ ರೇಗಿದಳು.

"ನಮ್ಮನೆ ಹುಡುಗೀನ ನಮ್ಮನೇಲೇ ಬೇಡ ಅಂದ್ರಾ? ಯಾವಳೇ ಅವಳು?"

"ಕೇಳೋ ಹಾಗಿಲ್ಲಮ್ಮ. ನಿಂಗೇ ಗೊತ್ತಲ್ಲ."

"ಕೇಳ್ಬೇಡ. ಕಣ್ಣಿದ್ಯಲ್ಲ, ನೋಡು."

ಅಂದಿನಿಂದ ಮಾರ್ಲಿಸ್ ನೋಡುವುದಕ್ಕೆ ಶುರುಮಾಡಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗಾಯಿತು. ಊಟದ ಮೇಜಿನಲ್ಲಿ ಆಲೂಗಡ್ಡೆಯ ಬಟ್ಟಲು ದಾಟಿಸುವವಳು ಕಣ್ಣು ತಪ್ಪಿಸಿದರೆ ಅನುಮಾನ, ಕಣ್ಣಲ್ಲಿ ಕಣ್ಣಿಟ್ಟು ನಕ್ಕರೆ ಇನ್ನೂ ಹೆಚ್ಚು ಅನುಮಾನ. ಮೊದಲು ಅವಳ ಮನಸ್ಸು ಬೆವರ್ಲಿಯ ಮೇಲೆ ಕೂತಿತು. ಗ್ರೆಟಾ ಪಶುಪಾಲನೆ ಓದಲು ಬಂದ ಹುಡುಗಿ. ಪರಿಚಯದ ಚಹಾಕೂಟಕ್ಕೆ ದನದ ಕೊಟ್ಟಿಗೆಯಿಂದ ನೇರವಾಗಿ ಬಂದು, ಬಿಳಿ ಕೈಗವಸಿನೊಳಗೆ ಉಗುರಿನ ಕೊಳೆ ಮುಚ್ಚಿಟ್ಟುಕೊಂಡಿದ್ದಳು. ಬೆವರ್ಲಿ ಮೂಗರಳಿಸಿದ್ದನ್ನು ಮಾರ್ಲಿಸ್ ತಾನೇ ಕಂಡಿದ್ದಳು.

ಅಕ್ಟೋಬರಿನಲ್ಲಿ ಹಳೇ ವಿದ್ಯಾರ್ಥಿಗಳ ಮೆರವಣಿಗೆಗೆ ಕೋಳಿಗೂಡಿನ ತಂತಿಬಲೆಯಿಂದ ದೊಡ್ಡ ಹುಂಜವೊಂದನ್ನು ಕಟ್ಟಿದರು. ಬಲೆಯ ಒಂದೊಂದು ತೂತಿಗೂ ಬಣ್ಣದ ಕಾಗದ ಮುದುರಿ ತುರುಕಬೇಕು. ಎಲ್ಲರೂ ಹೊರಗಿನ ಶೆಡ್ಡಿನಲ್ಲಿ ಮಂಡಿಯೂರಿ ಕೂತಿದ್ದಾಗ ಮಾರ್ಲಿಸ್ ಗಾಳಿಗೆ ಹೇಳಿದಂತೆ ಹೇಳಿದಳು, "ಗ್ರೆಟಾ ಇದ್ದಿದ್ರೆ ಈ ಹುಂಜ ಇಷ್ಟ್ ಹೊತ್ಗೆ ಮೊಟ್ಟೆ ಇಡ್ತಿತ್ತು."

"ಹುಂಜ ಮೊಟ್ಟೆ ಇಡಲ್ಲ ಕಣೇ. ನಿನ್ ತಂಗೀನೇ ಹೇಳ್ತಾಳೆ, ಕೇಳು," ಎಂದಳು ಬೆವರ್ಲಿ, ಕಾಗದ ತುರುಕುತ್ತಲೇ. ಎಲ್ಲರೂ ನಕ್ಕರು. ಬೆವರ್ಲಿಯ ಮುಖದಲ್ಲಿ ಏನೂ ಕದಲಲಿಲ್ಲ.

ನಗದೇ ಇದ್ದವಳು ಲೋರ್ನಾ ಒಬ್ಬಳೇ. ತಂತಿ ಚುಚ್ಚಿ ಅವಳ ಬೆರಳಲ್ಲಿ ರಕ್ತ ಬಂದಿತ್ತು. ಅದನ್ನು ಬಾಯಿಗಿಟ್ಟುಕೊಂಡು ಸರಕ್ಕನೆ ಎದ್ದು ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಮಾರ್ಲಿಸಳ ಕೈಯ ಕಾಗದ ಕೈಯಲ್ಲೇ ಉಳಿಯಿತು.

ಲೋರ್ನಾ ಅಂದರೆ ಎರಡು ವರ್ಷದಿಂದ ಒಂದೇ ಕೋಣೆ, ಒಂದೇ ಕನ್ನಡಿ. ಈಸ್ಟರಿಗೂ ಬೇಸಿಗೆ ರಜೆಗೂ ಮಾರ್ಲಿಸಳ ಹಳ್ಳಿಮನೆಗೆ ಬಂದು ಗ್ರೆಟಾಳ ಜೊತೆ ಕರುಗಳಿಗೆ ಹಾಲು ಕುಡಿಸಿದವಳು. ಛೆ, ಅವಳಾ? ಇರಲಾರದು ಅಂದುಕೊಂಡಳು ಮಾರ್ಲಿಸ್. ಅಂದುಕೊಂಡ ಮೇಲೂ ನೋಡುವುದನ್ನು ಬಿಡಲಿಲ್ಲ. ಲೋರ್ನಾ ಪ್ರತಿ ಶುಕ್ರವಾರ ಮಧ್ಯಾಹ್ನ ಲೈಬ್ರರಿಗೆ ಎಂದು ಹೋಗುತ್ತಿದ್ದಳು. ಬರುವಾಗ ಕೋಟಿನಲ್ಲಿ ಪುಸ್ತಕದ ವಾಸನೆ ಇರುತ್ತಿರಲಿಲ್ಲ.

ಜನವರಿಯ ಒಂದು ಶುಕ್ರವಾರ, ಹಿಮ ಬೀಳುತ್ತಿರುವಾಗ, ಮಾರ್ಲಿಸ್ ಹಿಂದೆಯೇ ಹೋದಳು. ಲೋರ್ನಾ ಲೈಬ್ರರಿ ದಾಟಿ, ಹೈನು ವಿಭಾಗದವರು ನಡೆಸುವ ಐಸ್‌ಕ್ರೀಮಿನ ಅಂಗಡಿಗೆ ಹೊಕ್ಕಳು. ಕಿಟಕಿಯ ಪಕ್ಕದ ಮೇಜಿನಲ್ಲಿ ರಬ್ಬರ್ ಬೂಟು ಹಾಕಿಕೊಂಡು ಗ್ರೆಟಾ ಕಾಯುತ್ತಿದ್ದಳು. ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ಮಾರ್ಲಿಸ್ ಬಾಗಿಲು ತಳ್ಳಿ ಒಳಬಂದದ್ದೇ ಇಬ್ಬರ ನಗುವೂ ನಿಂತಿತು.

"ಲೈಬ್ರರೀಲಿ ಐಸ್‌ಕ್ರೀಮು ಮಾರೋಕೆ ಶುರು ಮಾಡಿದ್ರಾ?" ಎಂದಳು ಮಾರ್ಲಿಸ್.

"ದಾರೀಲಿ ಸಿಕ್ಕಿದ್ಲು," ಎಂದಳು ಲೋರ್ನಾ.

"ಹ್ಞೂಂ, ದಾರೀಲಿ ಸಿಕ್ಕಿದ್ಲು," ಎಂದಳು ಗ್ರೆಟಾ, ಚಮಚ ನೆಕ್ಕುತ್ತಾ. ಆ ಹುಡುಗಿಗೆ ಸುಳ್ಳು ಹೇಳಲು ಹುಟ್ಟಿನಿಂದಲೂ ಬರುತ್ತಿರಲಿಲ್ಲ.

ಇನ್ನೇನು ಬೇಕಿತ್ತು? ಬೀದಿಗೆ ಹಾಕಿದ ಹುಡುಗಿಗೆ ವಾರವಾರ ಐಸ್‌ಕ್ರೀಮು ಕೊಡಿಸುವುದು ಪಾಪಕ್ಕೆ ಪ್ರಾಯಶ್ಚಿತ್ತ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಜಾತಿ! ಪಾಪ, ಗ್ರೆಟಾಳಿಗೆ ಏನೂ ಗೊತ್ತಿಲ್ಲ, ಅದಕ್ಕೇ ನಗುತ್ತಿದ್ದಾಳೆ. ಮಾರ್ಲಿಸಳಿಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಕೋಣೆಯಲ್ಲಿ ಮಾತು 'ಕಿಟಕಿ ಹಾಕ್ಲಾ', 'ಸೋಪು ನಿಂದಾ' ಅನ್ನುವಷ್ಟಕ್ಕೆ ಇಳಿಯಿತು. ಲೋರ್ನಾ ಒಂದೆರಡು ಸಲ ಹಾಸಿಗೆಯ ಅಂಚಿಗೆ ಬಂದು ಕೂತು, "ಮಾರ್ಲಿ, ನಿಂಗೊಂದ್ ವಿಷ್ಯ..." ಎಂದು ತೊಡಗಿದಳು. ಆಣೆ ನೆನಪಾಯಿತೋ ಏನೋ, ಮುಂದೆ ಹೋಗಲಿಲ್ಲ. ಮಾರ್ಲಿಸ್ ಪುಸ್ತಕದಿಂದ ತಲೆಯೆತ್ತಲಿಲ್ಲ.

ಏಪ್ರಿಲಿನಲ್ಲಿ ತಲೆಪಿನ್ನು ಹುಡುಕುತ್ತಾ ಅವಳು ಲೋರ್ನಾಳ ಪೌಡರ್ ಡಬ್ಬಿ ತೆರೆದಳು. ಒಳಗೆ ಒಂದು ಉಂಗುರವಿತ್ತು, ನೀಲಿ ಹರಳಿನದು. ಲೋರ್ನಾಳ ಹುಡುಗ ಡ್ವೇನ್ ಕೊನೆಗೂ ಮದುವೆಗೆ ಕೇಳಿಬಿಟ್ಟಿದ್ದಾನೆ! ಮದುವೆ ನಿಶ್ಚಯವಾದ ಹುಡುಗಿ, ಹುಡುಗಿಯರನ್ನು ನೋಡಿಕೊಳ್ಳುವ ಮನೆಯಮ್ಮನಿಗೆ ಮಾತ್ರ ಗುಟ್ಟಾಗಿ ತಿಳಿಸುವುದು ರೂಢಿ. ಆದರೂ ಕೋಣೆಯ ಗೆಳತಿಯ ಕಿವಿಗೆ ಊದದವರು ಯಾರಿದ್ದಾರೆ? ತನಗೆ ಹೇಳಲಿಲ್ಲ. ಅದಕ್ಕೂ ಮಾರ್ಲಿಸ್ ಒಂದೇ ಅರ್ಥ ಮಾಡಿದಳು.

ಆ ಗುರುವಾರ ಮನೆಯಮ್ಮ ಮಿಸೆಸ್ ಟ್ರಿಂಬಲ್ ಊಟದ ಕೊನೆಯಲ್ಲಿ ಲೋಟಕ್ಕೆ ಚಮಚ ತಟ್ಟಿದರು. "ಯಾರೂ ಮೇಲಕ್ ಹೋಗ್ಬೇಡಿ ಮಕ್ಳಾ. ಇವತ್ತು ಮೇಣದಬತ್ತಿ ಇದೆ."

ಕಿರುಚಾಟವೋ ಕಿರುಚಾಟ. ಮೇಣದಬತ್ತಿ ಅಂದರೆ ಯಾರಿಗೋ ಮದುವೆ ನಿಶ್ಚಯವಾಗಿದೆ; ಯಾರದು, ಯಾರದು ಎಂದು ಎಲ್ಲರೂ ಎಲ್ಲರ ಬೆರಳು ನೋಡಿದರು. ಪರದೆ ಎಳೆದು, ದೀಪ ಆರಿಸಿ, ಕೈಗೆ ಕೈ ತಾಗುವಂತೆ ವೃತ್ತ ಕಟ್ಟಿದರು. ಮಿಸೆಸ್ ಟ್ರಿಂಬಲ್ ಬತ್ತಿ ಹೊತ್ತಿಸಿದರು. ಬುಡಕ್ಕೆ ಕಟ್ಟಿದ ಹೂವಿನ ನಡುವೆ ನೀಲಿ ಹರಳು ಮಿನುಗಿತು. ಬತ್ತಿ ಕೈಯಿಂದ ಕೈಗೆ ಹೋಗುತ್ತದೆ. ಮೊದಲ ಸುತ್ತು ಸೋದರಿಯರ ಸ್ನೇಹಕ್ಕೆ, ಎರಡನೆಯದು ಪ್ರೀತಿಗೆ, ಮೂರನೆಯದು ಮದುವೆಗೆ. ನಿಶ್ಚಯವಾದವಳು ಮೂರನೇ ಸುತ್ತಿನಲ್ಲಿ ಅದನ್ನು ಊದಿ ಆರಿಸಬೇಕು. ಅಲ್ಲಿಯವರೆಗೆ ಯಾರ ಉಸಿರೂ ಅದಕ್ಕೆ ತಾಗಬಾರದು.

ಲೋರ್ನಾ ಬಂದು ಬೇಕೆಂದೇ ಮಾರ್ಲಿಸಳ ಪಕ್ಕದಲ್ಲಿ ನಿಂತಳು. ಹಾಡು ಹೇಳುತ್ತಾ ಒಂದು ಸುತ್ತು ಆಯಿತು, ಎರಡು ಆಯಿತು. ಮೂರನೇ ಸುತ್ತಿನಲ್ಲಿ ಬತ್ತಿ ಮಾರ್ಲಿಸಳ ಕೈಗೆ ಬಂದಾಗ ಲೋರ್ನಾ ಕೈಚಾಚಿದಳು. ಅವಳ ಮುಖ ಸಂತೋಷದಿಂದ ಕೆಂಪಾಗಿತ್ತು. ಇದೇ ಕೈಯಲ್ಲವೇ ತೆರೆಯೊಳಗೆ ಹೋಗಿ ಕರಿಗೋಲಿ ಹೆಕ್ಕಿದ್ದು!

ಮಾರ್ಲಿಸ್ ಊದಿಬಿಟ್ಟಳು.

ಒಂದು ಕ್ಷಣ ಕತ್ತಲು. ಮರುಕ್ಷಣ ಮನೆಯೇ ಹಾರಿಹೋಗುವಂತೆ ಕೇಕೆ. "ಮಾರ್ಲಿಸ್! ಕಳ್ಳೀ! ಬಾಯೇ ಬಿಡ್ಲಿಲ್ವಲ್ಲೇ!" "ಯಾರೇ ಹುಡುಗ? ಆ ಗಿಡ್ಡನಾ?" ಹತ್ತಾರು ಕೈಗಳು ಅವಳನ್ನು ತಬ್ಬಿದವು, ಎತ್ತಿದವು. ರೂಢಿಯಂತೆ ಹೊತ್ತುಕೊಂಡು ಹೋಗಿ, ಉಟ್ಟಬಟ್ಟೆಯಲ್ಲೇ ತಣ್ಣೀರಿನ ಶವರಿನ ಕೆಳಗೆ ನಿಲ್ಲಿಸಿದರು. ಬೆವರ್ಲಿ ಕೂಡ ಅವಳ ಒದ್ದೆ ಕೆನ್ನೆಗೆ ಮುತ್ತಿಟ್ಟಳು. ಚಳಿಗೆ ಮಾರ್ಲಿಸಳ ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು.

ಕೋಣೆಗೆ ಬಂದಾಗ ಲೋರ್ನಾ ಮಂಚದ ಮೇಲೆ ಕೂತಿದ್ದಳು. ಆರಿದ ಬತ್ತಿ ಅವಳ ತೊಡೆಯ ಮೇಲಿತ್ತು.

"ಯಾಕೇ?" ಎಂದಳು, ಅಷ್ಟೇ.

"ಸೆಪ್ಟೆಂಬರಲ್ಲಿ ನೀನೂ ಯಾಕೆ ಅಂತ ಹೇಳ್ಲಿಲ್ಲ," ಎಂದಳು ಮಾರ್ಲಿಸ್.

ಲೋರ್ನಾಳ ಮುಖ ಬಿಳಿಚಿಕೊಂಡಿತು. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಬೆಳಿಗ್ಗೆ ಮಾರ್ಲಿಸ್ ವಿಶ್ವವಿದ್ಯಾಲಯದ ಕೊಟ್ಟಿಗೆಗೆ ಹೋದಳು. ತಂಗಿಗೆ ನ್ಯಾಯ ಕೊಡಿಸಿದ ಅಕ್ಕನ ಗತ್ತಿನಲ್ಲೇ ಹೋದಳು. ಗ್ರೆಟಾ ಒಂದು ಹಸುವಿನ ಕೆಚ್ಚಲು ಒರೆಸುತ್ತಿದ್ದಳು. ಮಾರ್ಲಿಸ್ ಬಕೆಟ್ಟು ಬೋರಲು ಹಾಕಿಕೊಂಡು ಕೂತು, ಕರಿಗೋಲಿ ಯಾರದೆಂದು ಕಂಡುಹಿಡಿದದ್ದನ್ನೂ ಬತ್ತಿ ಊದಿದ್ದನ್ನೂ ಒಂದೂ ಬಿಡದೆ ಹೇಳಿದಳು.

ಗ್ರೆಟಾಳ ಕೈ ನಿಂತಿತು. "ಅಯ್ಯೋ ದೇವ್ರೇ. ಮಾಡಿಬಿಟ್ಯಾ?"

"ಮತ್ತೆ? ಸುಮ್ನಿರ್ಬೇಕಿತ್ತಾ? ನಿನ್ನನ್ನ ಬೀದೀಗ್ ಹಾಕಿದ್ಲು ಅವ್ಳು."

"ಅವ್ಳಲ್ಲ ಕಣೇ ಹಾಕಿದ್ದು. ಅಂದ್ರೆ, ಅವ್ಳೇ. ಹಾಕು ಅಂದಿದ್ದು ನಾನು."

ಹಸು ಬಾಲ ಬೀಸಿತು.

"ನಾನೇ ಕಾಲು ಹಿಡ್ದೆ," ಎಂದಳು ಗ್ರೆಟಾ. "ಆ ಮನೆ ನಂಗ್ ಬೇಡ್ವಾಗಿತ್ತು. ಕೈಗವಸು, ಚಹಾ, ಬಾಗ್ಲಲ್ಲಿ ನಿಂತ್ಕೊಂಡು ಚಪ್ಪಾಳೆ ಹಾಡು... ನನ್ ಕೈಲಾಗಲ್ಲ. ನಾನಾಗೇ ಬೇಡ ಅಂದ್ರೆ ಅಮ್ಮ ಸಾಯೋವರ್ಗೂ ಆಡ್ಕೋತಾಳೆ. ಅವ್ರೇ ಬೇಡ ಅಂದ್ರೆ ಯಾರ್ ಮೇಲೂ ತಪ್ಪಿಲ್ಲ ಅಂದ್ಕೊಂಡೆ. ಲೋರ್ನಾ ಒಪ್ಲೇ ಇಲ್ಲ. ಅತ್ತು ಒಪ್ಪಿಸ್ದೆ."

"ನಂಗ್ ಹೇಳ್ಬೋದಿತ್ತಲ್ಲೇ!"

"ಹೇಳ್ದೆ. ಬೇಸಿಗೇಲಿ ಎಷ್ಟ್ ಸಲ ಹೇಳ್ದೆ. ನೀನು ಅಮ್ಮನ ಪಿನ್ನು ತಿಕ್ಕಿ ಹೊಳಪು ಬರಿಸ್ತಾ ಕೂತಿದ್ದೆ. 'ಹೋಗೇ, ಸೇರಿದ್ಮೇಲೆ ಎಲ್ಲ ಸರಿ ಹೋಗತ್ತೆ' ಅಂದೆ." ಗ್ರೆಟಾ ಮೂಗನ್ನು ತೋಳಿಗೆ ಒರೆಸಿಕೊಂಡಳು. "ಲೋರ್ನಾ ಶುಕ್ರವಾರ ಶುಕ್ರವಾರ ಬಂದು ಗೋಗರೀತಾಳೆ, 'ಈಗ್ಲಾದ್ರೂ ನಿನ್ನಕ್ಕಂಗೆ ಹೇಳೇ, ನಂಗೆ ಅವ್ಳ ಮುಖ ನೋಡೋಕಾಗ್ತಿಲ್ಲ' ಅಂತ. ರಜಕ್ಕೆ ಮನೇಗ್ ಹೋದಾಗ ಹೇಳ್ತೀನಿ ಅಂತ ನಾನೇ ತಳ್ಕೊಂಡ್ ಬಂದೆ. ನನ್ನನ್ನ ಬೈ. ಅವ್ಳನ್ನ ಯಾಕೆ..."

ಮಾರ್ಲಿಸ್ ಬೈಯಲಿಲ್ಲ. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು. ಸೆಪ್ಟೆಂಬರಿನಿಂದ ಜೇಬಿನಲ್ಲೇ ಹೊತ್ತು ತಿರುಗಿದ್ದ ಪಿನ್ನು ತೆಗೆದು ನೋಡಿದಳು.

"ಇದನ್ನೇನ್ ಮಾಡ್ಲಿ ಈಗ?"

"ಇವ್ಳ ಕಿವೀಗ್ ಚುಚ್ಚು," ಎಂದು ಗ್ರೆಟಾ ಹಸುವಿನ ಬೆನ್ನು ತಟ್ಟಿದಳು. ಇಬ್ಬರಿಗೂ ನಗು ಬರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮೇಜಿನ ಮೇಲೆ ಮಾರ್ಲಿಸಳಿಗೆಂದೇ ಕೇಕು ಇತ್ತು. ಅವಳು ಕುರ್ಚಿಯ ಹಿಂದೆ ನಿಂತೇ ಹೇಳಿದಳು: "ನಂಗೆ ನಿಶ್ಚಯ ಆಗಿಲ್ಲ. ಯಾವ ಹುಡುಗನೂ ಇಲ್ಲ. ಅದು ಲೋರ್ನಾ ಬತ್ತಿ. ಗೊತ್ತಿದ್ದೇ ಊದ್ದೆ."

ಚಮಚಗಳು ನಿಂತವು. ಮೇಜಿನ ಆ ತುದಿಯಲ್ಲಿ ಲೋರ್ನಾ ತಲೆತಗ್ಗಿಸಿ ಕೂತಿದ್ದಳು.

"ಗೊತ್ತಿದ್ದೂ ಊದಿದ್ಯಾ? ಯಾಕೆ?" ಎಂದಳು ಬೆವರ್ಲಿ.

ಯಾಕೆಂದು ಹೇಳಿದರೆ ಕರಿಗೋಲಿಯ ಮಾತು ಬರುತ್ತದೆ. ಆಣೆ ಮುರಿದು ಹೊರಗಿನವಳ ಮಾತಿಗೆ ಗೋಲಿ ಹಾಕಿದವಳೆಂದು ಲೋರ್ನಾಳನ್ನು ಇದೇ ಮೇಜಿನಲ್ಲಿ ಹರಿದು ತಿನ್ನುತ್ತಾರೆ. ಮನೆಯಿಂದ ಆಚೆಗೂ ಹಾಕಬಹುದು. ಮಾರ್ಲಿಸ್ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೊಟ್ಟೆಕಿಚ್ಚು," ಎಂದಳು.

"ಹೊಟ್ಟೆಕಿಚ್ಚಾ!" ಬೆವರ್ಲಿ ಕರವಸ್ತ್ರ ಮಡಿಸಿಟ್ಟಳು. "ಸರಿ ಬಿಡು. ಸೆಪ್ಟೆಂಬರಿಂದ ನಮ್ಮೆಲ್ಲರನ್ನೂ ಕಳ್ರನ್ನ ನೋಡಿದ್ ಹಾಗೆ ನೋಡ್ತಿದ್ದೆ. ಇಷ್ಟ್ ಹೊಟ್ಟೆಕಿಚ್ಚಿನವ್ಳು... ತಂಗಿ ಬಂದು ತನಗಿಂತ ಮಿಂಚಿಬಿಟ್ರೆ ಅಂತ ತಾನೇ ಆ ಕರಿಗೋಲೀನ... ನಾನೇನೂ ಕೇಳ್ತಿಲ್ಲಪ್ಪ. ಕೇಳೋ ಹಾಗೂ ಇಲ್ಲ."

ಮೇಜಿನ ಸುತ್ತಲಿನ ಕಣ್ಣುಗಳೆಲ್ಲ ಒಂದೊಂದಾಗಿ ಮಾರ್ಲಿಸಳ ಮೇಲೆ ಬಂದು ಕೂತವು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ವರ್ಷವಿಡೀ ಅವಳೇ ನೋಡಿದ ನೋಟ ಅದು. ಲೋರ್ನಾ ಥಟ್ಟನೆ ತಲೆಯೆತ್ತಿ, "ಅಲ್ಲ, ಅದು..." ಎಂದು ಏಳಹೋದಳು. ಮಾರ್ಲಿಸ್ ಅವಳನ್ನೇ ದಿಟ್ಟಿಸಿ, ಬೇಡವೆಂದು ತಲೆಯಾಡಿಸಿದಳು. ಲೋರ್ನಾ ಮೆಲ್ಲಗೆ ಕೂತಳು.

"ಆರಿದ ಬತ್ತೀನ ಮತ್ತೆ ಹಚ್ಚೋದು ಅಪಶಕುನ," ಎಂದು ಯಾರೋ ಗೊಣಗಿದರು.

"ನಲವತ್ತು ಹುಡುಗೀರು ಒಂದೇ ಶವರಲ್ಲಿ ಸ್ನಾನ ಮಾಡೋ ಮನೇಲಿ ಶಕುನ ಏನು ಬಂತು," ಎಂದರು ಮಿಸೆಸ್ ಟ್ರಿಂಬಲ್. "ಕೇಕು ಕತ್ತರಿಸಿ. ಸಂಜೆ ಮತ್ತೆ ಹಚ್ಚೋಣ."

ಸಂಜೆ ಪರದೆ ಎಳೆದಾಗ ಮಾರ್ಲಿಸ್ ಮೆಟ್ಟಿಲ ಬಳಿಯೇ ನಿಂತಿದ್ದಳು. ವೃತ್ತದಲ್ಲಿ ಯಾರೂ ಅವಳಿಗೆ ಜಾಗ ಬಿಟ್ಟಿರಲಿಲ್ಲ. ಲೋರ್ನಾ ಬಂದು ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ತನ್ನ ಪಕ್ಕದಲ್ಲಿ ತುರುಕಿದಳು.

"ನಿನ್ ಕೈಗ್ ಬಂದಾಗ ಬಾಯ್ ಮುಚ್ಕೊಂಡ್ ನಿಂತ್ಕೋ," ಎಂದಳು. ತಮಾಷೆಯೋ ಅಲ್ಲವೋ ಆ ದನಿಯಲ್ಲಿ ತಿಳಿಯಲಿಲ್ಲ.

ಹಾಡು ಶುರುವಾಯಿತು. ಬತ್ತಿ ನಿನ್ನೆಗಿಂತ ಗಿಡ್ಡವಾಗಿತ್ತು. ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಅದು ಮಾರ್ಲಿಸಳ ಕೈಗೆ ಬಂದಾಗ ಹಾಡುತ್ತಿದ್ದವರ ದನಿ ತಗ್ಗಿತು. ಅವಳು ಎಡಗೈಯಲ್ಲಿ ಬತ್ತಿ ಹಿಡಿದು, ಬಲ ಅಂಗೈಯಿಂದ ತನ್ನ ಬಾಯಿಯನ್ನೂ ಮೂಗನ್ನೂ ಸೇರಿಸಿ ಒತ್ತಿ ಮುಚ್ಚಿಕೊಂಡಳು. ಯಾರೋ ಕಿಸಕ್ಕೆಂದರು. ಕರಗಿದ ಮೇಣ ಬೆರಳ ಸಂದಿಗೆ ಇಳಿದು ಸುಟ್ಟಿತು. ಲೋರ್ನಾ ಕೈಚಾಚಿದಳು, ಬತ್ತಿ ದಾಟಿತು. ದೀಪ ಆರಿ, ಕೇಕೆ ಎದ್ದು, ಲೋರ್ನಾಳನ್ನು ಹೊತ್ತುಕೊಂಡು ಎಲ್ಲರೂ ಶವರಿನ ಕಡೆ ಓಡಿದ ಮೇಲೂ ಮಾರ್ಲಿಸ್ ಬಾಯಿ ಮೇಲಿನ ಕೈ ತೆಗೆಯದೆ ಕತ್ತಲಲ್ಲಿ ಹಾಗೇ ನಿಂತಿದ್ದಳು.