ಅಗ್ಗವಣಿ ಸೇದಿದ ಹಗ್ಗ

ನಾನು ಒಂದು ನಾರಿನ ಹಗ್ಗ. ಹೂವಿನ ಹಾಗೆ ಮೆಲ್ಲಗೆ ಅರಳುವ ಭಾಗ್ಯ ನನಗೆ ಸಿಗಲಿಲ್ಲ, ನಾನು ಹುಟ್ಟಿದ್ದೇ ಸೀಳಿಸಿಕೊಂಡು. ತಿಪಟೂರು ಸೀಮೆಯ ಒಂದು ಅಟ್ಟದ ಮೇಲೆ ತೆಂಗಿನಕಾಯಿಯೊಂದರ ಅಂಗಿಯಾಗಿ ಬೆಚ್ಚಗೆ ಮಲಗಿದ್ದೆ. ಒಂದು ಬೆಳಗ್ಗೆ ಯಾರೋ ನಮ್ಮನ್ನು ಕೆಳಗೆ ಎಸೆದರು, ನೆಲದಲ್ಲಿ ನೆಟ್ಟಿದ್ದ ಕಬ್ಬಿಣದ ಚೂಪು ಗೂಟಕ್ಕೆ ಒತ್ತಿ ಹರಿದರು. ಕಾಯಿ ಒಂದು ಕಡೆ, ನಾನು ಒಂದು ಕಡೆ. ಆಮೇಲೆ ಕೆರೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಹೂತು ಕೊಳೆಸಿದರು. ಮೇಲೆತ್ತಿ, ಮರದ ಕೊಡತಿಯಿಂದ ಮಾಂಸವೆಲ್ಲ ಉದುರಿ ಎಲುಬು ಉಳಿಯುವಂತೆ ಬಡಿದರು. ಉಳಿದ ಆ ಎಲುಬೇ ನಾರು. ನಾರನ್ನು ರಾಟೆಗೆ ಕಟ್ಟಿ ತಿರುಚಿದರು, ತಿರುಚಿದ್ದನ್ನು ಇನ್ನೊಂದರ ಜೊತೆ ಸೇರಿಸಿ ಮತ್ತೆ ತಿರುಚಿದರು. ಅಷ್ಟಾದ ಮೇಲೆ ನನಗೊಂದು ಹೆಸರು ಬಂತು.

ಸಂತೆಯಲ್ಲಿ ನನ್ನನ್ನು ಕೊಂಡವಳು ಚನ್ನಾಜಮ್ಮ. ಒಣಗಿದ ತೊಗರಿ ಕಡ್ಡಿಯಂಥ ಹೆಂಗಸು, ಗಂಡನಿಲ್ಲ, ಒಬ್ಬನೇ ಮಗ. ಅಂಗಡಿಯವನ ಎದುರೇ ನನ್ನ ಎರಡು ತುದಿ ಹಿಡಿದು ಎಷ್ಟು ಜೋರಾಗಿ ಜಗ್ಗಿದಳೆಂದರೆ, ನನಗೆ ಕೆರೆ ಕೊಡತಿ ಎಲ್ಲ ನೆನಪಾಯಿತು.

"ಇದು ಬಾಳಿಕೆ ಬತ್ತೈತೆ," ಎಂದಳು.

ಅವಳ ಹಿತ್ತಲಿನ ಬಾವಿಯ ರಾಟೆಯ ಮೇಲೆ ನಾನು ಕುಳಿತೆ. ಬೆಳಗ್ಗೆ ಎದ್ದವಳೇ ಕೊಡಕ್ಕೆ ನನ್ನ ಕುಣಿಕೆ ಬಿಗಿದು ಕತ್ತಲೆಗೆ ಇಳಿಬಿಡುತ್ತಿದ್ದಳು. ಮೊದಲು ಸೇದಿದ ನೀರು ಅಗ್ಗವಣಿ, ಅಂದರೆ ಲಿಂಗಪೂಜೆಯ ನೀರು. ಅದನ್ನು ಕೈಯಾರೆ ಸೇದಿಯೇ ತರಬೇಕು ಎನ್ನುವುದು ಆ ಮನೆಯ ಕಟ್ಟಳೆ. ಪೂಜೆಯಾದ ಮೇಲೆ ರಾಗಿಮುದ್ದೆ, ಬಸ್ಸಾರು, ಹಿತ್ತಲ ಸೊಪ್ಪು. ನೆಲಕ್ಕೆ ಕೂತು ಉಂಡು, ಕೈ ಊರದೆ ಏಳುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅವಳ ರಾತ್ರಿಯೂಟ ಮುಗಿದಿರುತ್ತಿತ್ತು. ಊರಿನಲ್ಲಿ ಜಿಮ್ ತೆರೆದಾಗ ಪಕ್ಕದ ಮನೆಯವಳು ಅದರ ವರ್ಣನೆ ಮಾಡಿದಳು. ಚನ್ನಾಜಮ್ಮ ಕೊಡ ಸೊಂಟಕ್ಕೇರಿಸಿಕೊಳ್ಳುತ್ತ, "ಕಬ್ಣ ಎತ್ತಿ ಮತ್ತೆ ಅಲ್ಲೇ ಇಟ್ ಬತ್ತಾರಾ? ಮನೆಗೇನೂ ತರಾಕಿಲ್ವಾ?" ಎಂದು ಕೇಳಿದ್ದಳು.

ಮಗ ತ್ರಿಯಂಬಕನಿಗೆ ಮದುವೆಯಾಯಿತು. ಸೊಸೆ ದಾಕ್ಷಾಯಿಣಿ ಬಂದಳು, ಮನೆಯವರ ಬಾಯಲ್ಲಿ ದಾಕ್ಷಿ. ಅತ್ತೆ ಸೊಸೆ ಒಬ್ಬರಾದ ಮೇಲೊಬ್ಬರು ನನ್ನನ್ನು ಎಳೆಯುತ್ತಿದ್ದ ಆ ದಿನಗಳಲ್ಲಿ ಬಾವಿಯ ಆಳದಲ್ಲಿ ಒಂದು ಅರಮನೆಯಿದೆ, ನಾನು ಅದಕ್ಕೆ ಇಳಿದು ಬರುವ ದೂತ ಎಂದೆಲ್ಲ ನನಗೆ ಕನಸು. ದಾಕ್ಷಿಗೆ ಮಗಳು ಗಂಗಿ ಹುಟ್ಟಿದಳು. ಅದೇ ವರ್ಷ ತ್ರಿಯಂಬಕನ ಕೊಬ್ಬರಿ ಮಂಡಿ ಕುದುರಿತು. ಸಾವ್ಕಾರನ ಹೆಂಡತಿ ನೀರು ಸೇದುವುದು ಎಂದರೇನು? ಬಾವಿಗೆ ಮೋಟಾರು ಬಂತು. ರುಬ್ಬಲು, ಒಗೆಯಲು, ಗುಡಿಸಲು ಒಂದೊಂದಕ್ಕೂ ಒಂದೊಂದು ಯಂತ್ರವೋ ಆಳೋ ಬಂತು. ಚನ್ನಾಜಮ್ಮನ ಒಂದು ಕೊಡ ಅಗ್ಗವಣಿ ಬಿಟ್ಟರೆ ನನಗೆ ಕೆಲಸವಿಲ್ಲದಾಯಿತು. ದಾಕ್ಷಿಗೂ ಅಷ್ಟೇ. ಬಾಣಂತನದ ಮೈ ಹಾಗೆಯೇ ಉಳಿಯಿತು, ಮೇಲೆ ಇನ್ನಷ್ಟು ಬಂತು.

ಹೀಗೆ ಕೆಲಸವಿಲ್ಲದೆ ಕೂರಿಸಿದ ಗಂಡನೇ ಅವಳನ್ನು ಹೀಯಾಳಿಸತೊಡಗಿದ. ಮೊದಮೊದಲು "ಏನೇ ಮೂಟೆ" ಎನ್ನುತ್ತಿದ್ದ. ಒಮ್ಮೆ ಇನ್ನೊಬ್ಬ ವರ್ತಕನ ಮನೆಯ ಗೃಹಪ್ರವೇಶದಲ್ಲಿ ಯಾರೋ ಅವಳನ್ನು ಅವನ ಅಕ್ಕ ಎಂದುಕೊಂಡು ಮಾತನಾಡಿಸಿದರು. ಮರುದಿನ ಉಗ್ರಾಣಕ್ಕೆ ಬೀಗ ಬಿತ್ತು. ಬೀಗದ ಕೈ ಅವನ ಜೇಬಿನಲ್ಲಿ. ದಿನಕ್ಕೊಂದು ಹೊತ್ತು, ಅದೂ ಅವನ ಎದುರಿಗೆ ತಿನ್ನಬೇಕು. "ಜಿಮ್ಗಾದ್ರೂ ಕಳ್ಸಿ" ಎಂದು ದಾಕ್ಷಿ ಕೇಳಿದಳು. "ಊರ್ ಗಂಡಸ್ರ ಮುಂದೆ ಕುಣೀತೀಯೇನೇ?" ಎಂದು ಕೆನ್ನೆಗೆ ಬಾರಿಸಿದ. ಆ ಮನೆಯಲ್ಲಿ ನಾನು ಕಂಡ ಮೊದಲ ಏಟು ಅದು.

ಆಮೇಲೆ ಸಂತೆಯ ದಿನಗಳು ಬಂದವು. ಹೇಳಲು ನನಗೆ ನಾಚಿಕೆ, ಏಕೆಂದರೆ ಅವು ನನ್ನ ದಿನಗಳೂ ಹೌದು. ಪ್ರತಿ ಸಂತೆಯಂದು ತ್ರಿಯಂಬಕ ಹೆಂಡತಿಯನ್ನು ಮನೆಗೆ ಅಂಟಿದ್ದ ಮಂಡಿಯ ಗೋದಾಮಿಗೆ ಕರೆದೊಯ್ದು, ಕೊಬ್ಬರಿ ಚೀಲ ತೂಗುವ ಯಂತ್ರದ ತಟ್ಟೆಯ ಮೇಲೆ ನಿಲ್ಲಿಸುತ್ತಿದ್ದ. ಹಮಾಲಿಗಳ ಎದುರೇ. ಮುಳ್ಳನ್ನು ಹಮಾಲಿ ಕರಿಯಣ್ಣ ಓದಿ ಹೇಳಬೇಕು. ಅವನು ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದ. ಮುಳ್ಳು ಇಳಿದಿರದಿದ್ದರೆ ತ್ರಿಯಂಬಕ ನನ್ನನ್ನು ಎತ್ತಿಕೊಳ್ಳುತ್ತಿದ್ದ. ಅದಕ್ಕೆಂದೇ ರಾಟೆಯಿಂದ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದಿರುತ್ತಿದ್ದ. ಜಾರದಿರಲಿ ಎಂದು ಒಂದು ತುದಿಯನ್ನು ಅಂಗೈಗೆ ಬಿಗಿಯಾಗಿ ಸುತ್ತಿಕೊಂಡು, ಬಾಗಿಲೆಳೆದು, ಬೀಸುತ್ತಿದ್ದ.

ಒದ್ದೆ ಹಗ್ಗದ ಏಟು ಹೇಗಿರುತ್ತದೆ ಎಂದು ನನಗೆ ಗೊತ್ತು. ಮೊದಲು ಬಟ್ಟೆ ಸಿಗುತ್ತದೆ, ಆಮೇಲೆ ಚರ್ಮ, ಆಮೇಲೆ ಬಿಸಿ. ನನ್ನ ನಾರಿನ ಸಂದಿನಲ್ಲಿ ಅವಳ ರಕ್ತ ಒಣಗಿತು. ಬಾವಿಗಿಳಿದಾಗ ನೀರು ಅದನ್ನು ತೊಳೆಯುತ್ತಿತ್ತು, ಪೂರ್ತಿ ತೊಳೆಯುತ್ತಿರಲಿಲ್ಲ. ಹಸಿವಿನಲ್ಲಿ ದಾಕ್ಷಿ ಒಮ್ಮೆ ಮೆಟ್ಟಿಲಿನ ಮೇಲೆ ಕಣ್ಣು ಕತ್ತಲೆ ಬಂದು ಉರುಳಿದಳು. ಹುಬ್ಬು ಸೀಳಿತು. ಗಂಗಿ ಆ ರಕ್ತವನ್ನು ತನ್ನ ಲಂಗದಿಂದ ಒರೆಸಿದಳು.

ಒಂದು ಸಂತೆಯಂದು ಚನ್ನಾಜಮ್ಮ ಬಾಗಿಲು ತಳ್ಳಿಕೊಂಡು ಬಂದು ಮಗನ ಕೈ ಹಿಡಿದಳು. ಅವನು ಕೊಡವಿದ. ಮುದುಕಿ ಚೀಲಗಳ ಮೇಲೆ ಬಿದ್ದಳು. ಅವಳ ಮಣಿಕಟ್ಟು ಒಣಕಡ್ಡಿಯಂತೆ ಮುರಿದ ಸದ್ದು ನನಗೆ ಈಗಲೂ ಕೇಳುತ್ತದೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು ಅಳಲಿಲ್ಲ. ಮಗನನ್ನು ಕರೆದು, "ಮೋಟಾರ್ ನೀರು ಲಿಂಗಕ್ಕಾಗಾಕಿಲ್ಲ. ನನ್ನ ಕೈ ನೀನೇ ಮುರ್ದೆ. ಇನ್ಮೇಲೆ ಅಗ್ಗವಣಿ ದಾಕ್ಷೀನೇ ಸೇದ್ಲಿ. ಅವ್ಳು ಸೇದಿದ್ ಮೇಲೆ ನನ್ ತಟ್ಟೇಲೇ ಉಣ್ಲಿ, ಪೂಜೆ ಪ್ರಸಾದ. ಬೇಡಾ ಅಂದ್ರೆ ನಾನೂ ಉಣ್ಣಾಕಿಲ್ಲ," ಎಂದಳು. ದೇವರ ಮಾತಿಗೆ ತ್ರಿಯಂಬಕ ಎದುರಾಡಲಾರ. ಹೆಂಡತಿಯನ್ನು ಕೊಲ್ಲಬಲ್ಲ, ಕಟ್ಟಳೆ ಮುರಿಯಲಾರ. ಅಂಥವನು.

ಅಗ್ಗವಣಿ ಒಂದು ಕೊಡ. ಅತ್ತೆ ಬಿಲ್ವದ ಗಿಡಕ್ಕೂ ಅಗ್ಗವಣಿಯೇ ಬೇಕೆಂದಳು. ದಾಸವಾಳಕ್ಕೂ ಬೇಕೆಂದಳು. ಆಮೇಲೆ ಹಸು ನೀರು ಕುಡಿಯುವ ಬಾನಿಗೂ ಬೇಕೆಂದಳು.

"ಹಸೂನೂ ಲಿಂಗ ಕಟ್ಕೊಂಡೈತಾ ಅತ್ತೆ?" ಎಂದು ದಾಕ್ಷಿ ಏದುಸಿರಿನಲ್ಲೇ ಕೇಳಿದಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದಳು.

"ಕಟ್ಕೊಂಡೈತೆ. ಸೇದು."

ಮೊದಲು ಅವಳ ಅಂಗೈಗಳು ಬೊಬ್ಬೆಯೆದ್ದು ಒಡೆದವು. ನಾನು ಅಲ್ಲಿಯೂ ರಕ್ತ ಕುಡಿದೆ. ಆಮೇಲೆ ಬೊಬ್ಬೆಗಳು ಗಟ್ಟಿಯಾದವು. ಸೇದಿದ ಕೊಡ ಹೊತ್ತು ಹಿತ್ತಲೆಲ್ಲ ತಿರುಗಿದಳು, ಕುಕ್ಕರಗಾಲಿನಲ್ಲಿ ಕೂತು ಸೊಪ್ಪು ಕಿತ್ತಳು, ಅತ್ತೆಯ ಜೊತೆ ಮುದ್ದೆ ನುಂಗಿ ಅತ್ತೆಯ ಜೊತೆ ಬೇಗ ಮಲಗಿದಳು. ಅವಳ ರವಿಕೆ ನಡುವಿನಲ್ಲಿ ಸಡಿಲವಾಯಿತು, ತೋಳಿನಲ್ಲಿ ಬಿಗಿಯಾಯಿತು. ರಾಟೆ ಅವಳ ಕೈಯಲ್ಲಿ ಕಿರುಗುಟ್ಟುವುದನ್ನು ಬಿಟ್ಟು ಗುನುಗತೊಡಗಿತು.

ತೂಕದ ಯಂತ್ರಕ್ಕೆ ಇದೊಂದೂ ತಿಳಿಯದು. ಆ ಸಂತೆಯಂದು ಕರಿಯಣ್ಣ ಮುಳ್ಳು ನೋಡಿದ, ದಾಕ್ಷಿಯನ್ನು ನೋಡಿದ, ಮತ್ತೆ ಮುಳ್ಳು ನೋಡಿದ.

"ಯೋಳೋ."

"ಹಂಗೇ ಐತೆ ಸಾವ್ಕಾರ್ರೇ. ಆದ್ರೆ ಅಮ್ಮಾರು ಇಳ್ದವ್ರೆ, ಕಣ್ಣಿಗೇ ಕಾಣ್ತೈತೆ."

"ನಿನ್ ಕಣ್ಣ ಕೇಳ್ದೆನಾ ನಾನು?"

ತ್ರಿಯಂಬಕ ಬಾಗಿಲೆಳೆಯುವುದನ್ನೂ ಮರೆತ. ನನ್ನ ತುದಿಯನ್ನು ಅಂಗೈಗೆ ಸುತ್ತಿದ, ಬೀಸಿದ. ಮೊದಲ ಏಟು ಅವಳ ಕತ್ತಿನ ಮೇಲೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಗಂಗಿ ಕಿರುಚಿ ಅಮ್ಮನ ಕಡೆಗೆ ಓಡಿಬಂದಳು. ಎರಡನೆಯ ಏಟಿಗೆ ನಾನು ಗಾಳಿಯಲ್ಲಿ ಏಳುವಾಗ ನನ್ನ ದಾರಿಯಲ್ಲಿ ಆ ಮಗುವಿನ ಮುಖವಿತ್ತು.

ದಾಕ್ಷಿ ನನ್ನನ್ನು ಗಾಳಿಯಲ್ಲೇ ಹಿಡಿದಳು.

ನಾನು ಅವಳ ಮುಂಗೈಗೆ ಸುತ್ತಿಕೊಂಡೆ. ನಾನಾಗಿ ಸುತ್ತಿಕೊಂಡೆನೋ ಬೀಸಿದ ರಭಸವೋ, ಹೇಳಲಾರೆ. ಅವನು ಎಳೆದ. ಅವಳು ತಟ್ಟೆಯಿಂದ ಹಿಂದಕ್ಕಿಳಿದು, ಒಂದು ಕಾಲು ಹಿಂದಿಟ್ಟು, ಬಾವಿಕಟ್ಟೆಯ ಬಳಿ ನಿಲ್ಲುವ ಹಾಗೆ ನಿಂತು, ಕೈಮೇಲೆ ಕೈ ಹಾಕಿ ಸೇದಿದಳು. ಬಿಟ್ಟುಬಿಡೋಣವೆಂದರೆ ಅವನ ಅಂಗೈಗೆ ನಾನು ಸುತ್ತಿದ್ದೆ. ಚರ್ಮ ಕಿತ್ತು ನನಗಂಟಿತು. ವರ್ಷಗಳಿಂದ ಬೀಗದ ಕೈ ಬಿಟ್ಟು ಬೇರೇನನ್ನೂ ಎತ್ತದವನು ತುಂಬಿದ ಕೊಡಕ್ಕಿಂತ ಹಗುರವಾಗಿ ಬಂದ. ಭುಜದ ಕೀಲು ಟಕ್ಕೆಂದಿತು. ಯಂತ್ರದ ಕಂಬಕ್ಕೆ ಬಾಯಿ ಬಡಿದು ಹಲ್ಲು ಮುರಿಯಿತು. ತಟ್ಟೆಯ ಮೇಲೆ ಕವುಚಿ ಬಿದ್ದ. ಮುಳ್ಳು ಓಡಿತು, ನಡುಗಿತು, ನಿಂತಿತು.



"ಯೋಳು ಕರಿಯಣ್ಣ," ಎಂದಳು ದಾಕ್ಷಿ.

ಕರಿಯಣ್ಣ ಈ ಸಲ ತಲೆ ಎತ್ತಿಯೇ ಓದಿದ. "ನಿಮ್ಗಿಂತ ಜಾಸ್ತಿ ಐತೆ ಅಮ್ಮಾರೇ."

ದಾಕ್ಷಿ ಬಾಗಿ ಗಂಡನ ಜೇಬಿನಿಂದ ಬೀಗದ ಕೈ ತೆಗೆದಳು. "ಇನ್ನೊಂದ್ ಸಲ ಈ ಹಗ್ಗ ಮುಟ್ಟಿ ನೋಡಿ. ಆಗ ಇಲ್ಲಿಗಲ್ಲ, ಬಾವಿಗೆ ಸೇದ್ತೀನಿ," ಎಂದಳು. ಅವಳ ದನಿ ಏರಲಿಲ್ಲ. ಅವನು ಅದನ್ನು ನಂಬಿದ. ನಾನೂ ನಂಬಿದೆ.

ಆವತ್ತಿನಿಂದ ಅವನ ಹಾಸಿಗೆ ಗೋದಾಮಿಗೆ ಬಂತು. ಭುಜ ಕೂಡಿಕೊಂಡಿತು, ಕೈ ಮಾತ್ರ ಮತ್ತೆ ಭುಜಕ್ಕಿಂತ ಮೇಲೇಳಲಿಲ್ಲ. ದಾಕ್ಷಿ ಅವನಿಗೆ ಊಟ ಕಳುಹಿಸುತ್ತಿದ್ದಳು, ಮಾತು ಕಳುಹಿಸುತ್ತಿರಲಿಲ್ಲ. ತೂಕದ ಯಂತ್ರದ ಮೇಲೆ ಆಮೇಲೆ ಕೊಬ್ಬರಿ ಮಾತ್ರ ಕೂತಿತು. ಚನ್ನಾಜಮ್ಮ ಮುರಿದ ಕೈ ನೇವರಿಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತು, "ದಾಸವಾಳ ಬಾಡೈತೆ ಕಣೇ" ಎನ್ನುವಳು. ಅದು ಬಾಡಿರುತ್ತಿರಲಿಲ್ಲ. ದಾಕ್ಷಿ ಎದ್ದು ಸೇದುವಳು.

ನಾನು ಸವೆದೆ. ರಾಟೆ ತಿಂದ ಕಡೆ ಎಳೆ ಎಳೆಯಾದೆ. ಬಾವಿಗೆ ನೀಲಿ ನೈಲಾನ್ ಹಗ್ಗ ಬಂದ ದಿನ ದಾಕ್ಷಿ ನನ್ನನ್ನು ಒಲೆಗೆ ಹಾಕುತ್ತಾಳೆಂದುಕೊಂಡೆ. ಹಾಕಿದ್ದರೆ ತಪ್ಪೇನೂ ಇರಲಿಲ್ಲ. ಅವಳು ಕುಡುಗೋಲು ತಂದು ಸವೆದದ್ದನ್ನು ಕತ್ತರಿಸಿದಳು, ಗಟ್ಟಿ ಉಳಿದಿದ್ದ ತುಂಡಿನ ತುದಿಗಳಿಗೆ ಗಂಟು ಹಾಕಿದಳು, ಗಂಗಿಯ ಕೈಗೆ ಕೊಟ್ಟಳು. ಹುಡುಗಿ ನನ್ನನ್ನು ನೋಡಿ ಮೊದಲು ಹಿಂದೆ ಸರಿದಳು. ಆಮೇಲೆ ಮೂಸಿ ನೋಡಿದಳು. ಆಮೇಲೆ ಎರಡೂ ಗಂಟು ಹಿಡಿದು ತಲೆಯ ಮೇಲಿಂದ ಬೀಸಿದಳು, ಜಿಗಿದಳು.

ಹುಟ್ಟಿದಾಗಿನಿಂದ ನಾನು ಏಟು ತಿಂದಿದ್ದೇನೆ, ಏಟು ಕೊಟ್ಟಿದ್ದೇನೆ. ನೀರು ಸೇದುವುದು ನಿಂತ ಮೇಲೆ ಏಟು ಕೊಡುವುದು ಬಿಟ್ಟು ನನಗೆ ಬೇರೆ ಕೆಲಸ ಉಳಿದಿಲ್ಲ. ಹಿತ್ತಲಿನಲ್ಲಿ, ಬಿಲ್ವದ ನೆರಳಿನಲ್ಲಿ, ಬೆಳಗ್ಗೆ ಬೆಳಗ್ಗೆ ನೆಲಕ್ಕೆ ಬಡಿಯುತ್ತೇನೆ. ನಾನು ಬಡಿದಾಗಲೆಲ್ಲ ಆ ಹುಡುಗಿ ಮೇಲಕ್ಕೇಳುತ್ತಾಳೆ.